ಬೊಗಸೆಯಿಂದ ಅರ್ಜಿಯವರೆಗೆ

ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಕುಡಿಯೋ ನೀರಿಗೆ ಕಷ್ಟ ಅಂದರೆ ಬಯಲುಸೀಮೆಯವರು ನಗುತ್ತಾರೆ. ಅಷ್ಟೊಂದು ಮಳೆ ಸುರಿಯುವ ನಾಡಿನಲ್ಲಿ ನೀರಿಗೇನು ಬರ ಅಂತಾರೆ. ಬರ ಮಳೆಗಲ್ಲ. ನೀರು ಯಾರ ಕೈಯಲ್ಲಿದೆ ಅನ್ನುವುದೇ ಇಲ್ಲಿಯ ಪ್ರಶ್ನೆ.

ಈಗ ಹಳ್ಳಿಗಳಿಗೆ ನಲ್ಲಿ ಬಂದಿದೆ. ನಲ್ಲಿಯ ಹಿಂದೆಯೇ ಕಂದಾಯ ಬರುತ್ತದೆ. ಕಟ್ಟಲಾರದ ಬಡವರು ರಿಯಾಯಿತಿಗೆ ಅರ್ಜಿ ಹಾಕಲಿ ಅನ್ನುವ ಮಾತೂ ಬರುತ್ತದೆ. ಮಾತು ಒಳ್ಳೆಯದೇ. ಆದರೆ ಅರ್ಜಿಗೆ ಬಿಲ್ಲು ಬೇಕು, ಬಿಲ್ಲಿಗೆ ನಲ್ಲಿ ಬೇಕು, ನಲ್ಲಿಗೆ ಮನೆ ಬೇಕು, ಮನೆಗೆ ಹಕ್ಕುಪತ್ರ ಬೇಕು. ಇದರಲ್ಲಿ ನಮ್ಮ ಜನ ಎಲ್ಲಿ ಹೊರಗುಳಿಯುತ್ತಾರೆ ಅನ್ನುವುದಕ್ಕೆ ಒಂದು ಚರಿತ್ರೆಯೇ ಇದೆ.

ನಮ್ಮ ಹಿರಿಯರಿಗೆ ಬಾವಿಯಿಂದ ನೀರು ಸೇದುವ ಹಕ್ಕಿರಲಿಲ್ಲ. ಬಾವಿಯಿಂದ ದೂರ ನಿಂತು, ಯಾರಾದರೂ ಪುಣ್ಯಾತ್ಮರು ಬಂದು ಕೊಡಕ್ಕೆ ಹುಯ್ಯಲಿ ಅಂತ ಕಾಯಬೇಕಿತ್ತು. ಕುಡಿಯಲು ಕೇಳಿದರೆ ಬೊಗಸೆಗೆ ಮೇಲಿಂದ ಹುಯ್ಯುತ್ತಿದ್ದರು. ಹುಯ್ಯುವವರು ಕರುಣಾಳುಗಳೇ ಇರಬಹುದು. ಆದರೆ ಎಷ್ಟು ಹೊತ್ತು ಕಾಯಿಸಬೇಕು, ಎಷ್ಟು ಹುಯ್ಯಬೇಕು ಅನ್ನುವ ತೀರ್ಮಾನ ಅವರದು. ಕರುಣೆ ಇರುವ ಕಡೆ ಹಕ್ಕು ಇರಲಿಲ್ಲ.

ಈ ಕಾಯುವಿಕೆಯನ್ನು ಮುರಿದವರು ಬಾಬಾಸಾಹೇಬರು. ಮುಂಬಯಿ ಶಾಸನಸಭೆ ಸಾರ್ವಜನಿಕ ಕೆರೆಬಾವಿಗಳನ್ನು ಎಲ್ಲರಿಗೂ ತೆರೆಯಬೇಕೆಂದು 1923ರಲ್ಲೇ ಠರಾವು ಮಾಡಿತ್ತು. ಮಹಾಡದ ಪುರಸಭೆಯೂ ಒಪ್ಪಿತ್ತು. ಕಾಗದ ಕಾಗದವಾಗಿಯೇ ಉಳಿಯಿತು. 1927ರ ಮಾರ್ಚ್ 20ರಂದು ಅಂಬೇಡ್ಕರರು ಜನರನ್ನು ಕರೆದುಕೊಂಡು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಸವರ್ಣೀಯರು ಹೊಡೆದರು, ಆಮೇಲೆ ಪಂಚಗವ್ಯ ಹಾಕಿ ಕೆರೆಯನ್ನು 'ಶುದ್ಧ' ಮಾಡಿದರು. ಮೊಕದ್ದಮೆ ಹತ್ತು ವರ್ಷ ನಡೆದು, 1937ರಲ್ಲಿ ಮುಂಬಯಿ ಹೈಕೋರ್ಟು ನಮ್ಮವರ ಪರ ತೀರ್ಪು ಕೊಟ್ಟಿತು. ಒಂದು ಗುಟುಕು ನೀರಿಗೆ ಹತ್ತು ವರ್ಷದ ಕೋರ್ಟು!

ಸಂವಿಧಾನದ 15 ಮತ್ತು 17ನೇ ವಿಧಿಗಳು ಬಂದವು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೊಳೆ, ತೊರೆ, ಬಾವಿ, ಕೆರೆ, ತೊಂಬೆ, ನಲ್ಲಿ ಎಲ್ಲವನ್ನೂ ಹೆಸರು ಹಿಡಿದು ಹೇಳಿತು. ಇಷ್ಟಾದರೂ 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ ದಲಿತ ಹೆಂಗಸೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರು ಅಂತ ನೀರು ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ಬಂತು. ಮಹಾಡಕ್ಕೂ ಇದಕ್ಕೂ ನಡುವೆ 95 ವರ್ಷ.

ನಮ್ಮ ಕೇರಿಗಳಿಗೆ ನೀರು ಹತ್ತಿರ ಬಂದದ್ದು ಬೋರಿಂಗಿನಿಂದ. 1983ರಲ್ಲಿ ಹೆಗಡೆ ಸರ್ಕಾರದ ಮಂತ್ರಿಯಾದ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. 1988ರಲ್ಲಿ ಅವರು ತೀರಿಕೊಂಡರು, ಹೆಸರು ಉಳಿಯಿತು. ಯಾಕೆ ಉಳಿಯಿತು? ಕೈಪಂಪಿಗೆ ಹಗ್ಗ ಇಲ್ಲ, ಹುಯ್ಯುವವರ ಹಂಗಿಲ್ಲ. ಅದು ಜಾತಿ ಕೇಳಲಿಲ್ಲ, ಪಡಿತರ ಚೀಟಿ ಕೇಳಲಿಲ್ಲ, ತಿಂಗಳ ಬಿಲ್ಲನ್ನೂ ಕೊಡಲಿಲ್ಲ. ತೋಳಲ್ಲಿ ಕಸುವಿದ್ದರೆ ಸಾಕಿತ್ತು.

ಬೆಟ್ಟದ ಈ ಕಡೆ ಇನ್ನೊಂದು ಕಥೆ. ಮಂಜರಾಬಾದ್ ಸೀಮೆಯಲ್ಲಿ ಹತ್ತೊಂಬತ್ತನೇ ಶತಮಾನದಿಂದ ಕಾಫಿ ತೋಟ ಹಬ್ಬಿತು. ತೋಟಕ್ಕೆ ಆಳು ಬೇಕು, ಆಳಿಗೆ ಲೈನುಮನೆ ಬಂತು. ಕಾಡು ಕಡಿದು, ಗಿಡ ನೆಟ್ಟು, ಹಣ್ಣು ಕೊಯ್ದವರಲ್ಲಿ ನಮ್ಮವರೇ ಬಹಳ. 1951ರ ತೋಟ ಕಾರ್ಮಿಕರ ಕಾಯಿದೆ ಕಾರ್ಮಿಕರಿಗೆ ಸಾಕಷ್ಟು ಶುದ್ಧ ಕುಡಿಯುವ ನೀರು ಒದಗಿಸುವುದು ಮಾಲೀಕರ ಹೊಣೆ ಅಂದಿತು. ಆದರೆ ಯಾವ ತೋಟ? 1981ರ ತಿದ್ದುಪಡಿಯ ನಂತರವೂ ಕನಿಷ್ಠ 5 ಹೆಕ್ಟೇರು, 15 ಜನ ಆಳು ಇರುವ ತೋಟ. ಅದಕ್ಕಿಂತ ಸಣ್ಣ ತೋಟದ ಕೂಲಿಯವರು ಲೆಕ್ಕಕ್ಕೇ ಬರಲಿಲ್ಲ. ಆ ಕಾಯಿದೆಯನ್ನು 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು.

ಲೈನುಮನೆಯಲ್ಲಿರುವವರ ಹೆಸರಲ್ಲಿ ಖಾತೆ ಇಲ್ಲ. ನೀರು ಧಣಿಯ ಟ್ಯಾಂಕಿನದು. ಕೂಲಿ ಜಾಸ್ತಿ ಕೇಳಿ ಜಗಳವಾದರೆ ಕೆಲಸ, ಮನೆ, ನೀರು ಮೂರೂ ಒಟ್ಟಿಗೇ ಹೋಗುತ್ತವೆ. ಬಿಲ್ಲೇ ಇಲ್ಲದ ಇವರು ರಿಯಾಯಿತಿಗೆ ಏನು ತೋರಿಸಿ ಅರ್ಜಿ ಹಾಕಬೇಕು? ಕಾಗದದ ಪ್ರಕಾರ ಇವರಿಗೆ ನೀರು ಪುಕ್ಕಟೆ. ಆ ಪುಕ್ಕಟೆಯ ಬೆಲೆ ಅಂದರೆ ಬಾಯಿ ಮುಚ್ಚಿಕೊಂಡಿರುವುದು.

2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಜಲಜೀವನ್ ಮಿಷನ್ ಸಾರಿತು. ಮನೆಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್. ಊರೊಳಗಿನ ಕಾಮಗಾರಿಯ ಖರ್ಚಿನಲ್ಲಿ ಊರಿನವರು 10 ಪಾಲು ಹೊರಬೇಕು ಅಂತ ಅದರ ಮಾರ್ಗಸೂಚಿ ಹೇಳಿತು. ಗುಡ್ಡಗಾಡಿಗೆ, ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಹಳ್ಳಿಗೆ ನೂರಕ್ಕೆ 5. ಇದೇ ರಿಯಾಯಿತಿ. ಆದರೆ ಇದು ಊರಿನ ಲೆಕ್ಕ, ಮನೆಯ ಲೆಕ್ಕ ಅಲ್ಲ. ನೂರಾರು ಮನೆಯ ಊರಿನಲ್ಲಿ ಇಪ್ಪತ್ತು ಮನೆಯ ಕೇರಿ ಎಂದಾದರೂ ಅರ್ಧ ಆಗುತ್ತದೆಯೇ? ಗುಡ್ಡಗಾಡು ಅಂತ ಕೊಟ್ಟರೂ ಬಂಗಲೆಗೂ ಗುಡಿಸಲಿಗೂ ಒಂದೇ ದರ.

ಇದು ನಮ್ಮ ಬೆಟ್ಟದ ಕಥೆ ಮಾತ್ರವಲ್ಲ. 2015ರಲ್ಲಿ ದೆಹಲಿ ಸರ್ಕಾರ ಮನೆಗೆ ತಿಂಗಳಿಗೆ 20,000 ಲೀಟರ್ ಪುಕ್ಕಟೆ ಕೊಟ್ಟಿತು, ಮೀಟರ್ ಇರುವ ಮನೆಗೆ. ಪೈಪೇ ಇಲ್ಲದ ಬಸ್ತಿಯವರು ಟ್ಯಾಂಕರಿನ ಹಿಂದೆ ಓಡುತ್ತಲೇ ಇದ್ದರು. ವರ್ಣಭೇದ ತೊಲಗಿದ ದಕ್ಷಿಣ ಆಫ್ರಿಕ ನೀರಿನ ಹಕ್ಕನ್ನು 1996ರ ಸಂವಿಧಾನದಲ್ಲೇ ಬರೆಯಿತು, ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ ಅಂದಿತು. ಆದರೆ ಸೊವೆಟೊದ ಫಿರಿಯಲ್ಲಿ ಕೂರಿಸಿದ ಮೀಟರುಗಳು ಅಷ್ಟು ಮುಗಿದ ಕೂಡಲೇ ನೀರು ನಿಲ್ಲಿಸುತ್ತಿದ್ದವು, ಮುಂದಕ್ಕೆ ಮೊದಲೇ ಹಣ ತುಂಬಬೇಕು. ಜನ ಕೋರ್ಟಿಗೆ ಹೋದರು. 2009ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ನಗರಪಾಲಿಕೆಯ ಪರವಾಗಿ ನಿಂತಿತು. ಕಪ್ಪುಜನರ ಸರ್ಕಾರ ಬಂದಮೇಲೂ ನಲ್ಲಿಯ ಮೇಲಿನ ಕೈ ಬದಲಾಗಲಿಲ್ಲ.

ಇತ್ತ ನಮ್ಮ ಬೆಟ್ಟದಲ್ಲಿ 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತ ಶುರುವಾಯಿತು. ಸಕಲೇಶಪುರ ತಾಲ್ಲೂಕಿನ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪೂರ್ವದ ಬರಸೀಮೆಗೆ ಒಯ್ಯುವ ಯೋಜನೆ. ಕೋಲಾರದ ಬಡವರ ಬಾಯಾರಿಕೆಯೂ ನಮ್ಮ ಬಾಯಾರಿಕೆಯೇ, ಅದಕ್ಕೆ ನಾವು ಅಡ್ಡ ನಿಲ್ಲುವವರಲ್ಲ. ಸಾವಿರಾರು ಕೋಟಿ ಸುರಿದು ಬೆಟ್ಟ ಅಗೆದು ನೀರು ಸಾಗಿಸಬಲ್ಲ ಸರ್ಕಾರಕ್ಕೆ, ಅದೇ ಬೆಟ್ಟದ ಲೈನುಮನೆಗೆ ಒಂದು ಪೈಪು ಎಳೆಯಲು ಕಾಗದ ಬೇಕೇ ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಹಾಗಂತ ಅರ್ಜಿ ಹಾಕಬೇಡಿ ಅಂತ ನಾವು ಹೇಳುತ್ತಿಲ್ಲ. ಹಾಕಿ. ಒಬ್ಬೊಬ್ಬರೇ ಪಂಚಾಯ್ತಿ ಬಾಗಿಲಲ್ಲಿ ಕೈಕಟ್ಟಿ ನಿಂತು ಹಾಕಬೇಡಿ. ಹಾಗೆ ನಿಂತರೆ ಹಳೇ ಬಾವಿಕಟ್ಟೆಯ ಕಾಯುವಿಕೆಯೇ ಮತ್ತೆ ಬರುತ್ತದೆ. ಗ್ರಾಮಸಭೆಗೆ ಕೇರಿಯೇ ಹೋಗಲಿ, ಹೆಂಗಸರು ಮುಂದಿರಲಿ, ಕೊಡ ಹೊತ್ತವರು ಅವರು. ಊರಿನ ನೀರು ಸಮಿತಿಯಲ್ಲಿ ನಮ್ಮವರು ಯಾರಿದ್ದಾರೆ ಅಂತ ಕೇಳಲಿ. ದರ ನಿಗದಿಯಾಗುವ ಮುಂಚೆಯೇ ಕೂಲಿಯವರ ಮನೆಗೆ ಎಷ್ಟು ಅಂತ ಮಾತಾಡಲಿ. ಹಕ್ಕುಪತ್ರ ಇಲ್ಲದ ಮನೆಗೂ ನಲ್ಲಿ ಬೇಕು, ಲೈನುಮನೆಗೆ ಪಂಚಾಯ್ತಿಯ ನೀರೇ ಬೇಕು ಅಂತ ನಡಾವಳಿಯಲ್ಲಿ ಬರೆಸಲಿ. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಭೆಯಿಂದ ಏಳಲಿ.