‘ಕಮಾಂಡ್ ನಾಟ್ ಫೌಂಡ್’ ಎಂದರೆ ಪ್ರೋಗ್ರಾಂ ಇಲ್ಲವೆಂದೇ? ಲಿನಕ್ಸ್‌ನ ‘ಪಾತ್’ ಪಟ್ಟಿಯ ನಿಜ ಸಂಗತಿ

ಲಿನಕ್ಸ್ ಕಂಪ್ಯೂಟರಿನಲ್ಲೋ, ಆಂಡ್ರಾಯ್ಡ್ ಫೋನಿನ ಟರ್ಮಕ್ಸ್ ಆ್ಯಪ್‌ನಲ್ಲೋ ಹೊಸ ಪ್ರೋಗ್ರಾಂ ಹಾಕಿಕೊಂಡಿರುತ್ತೀರಿ. ಅದರ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಬರುತ್ತದೆ. ಇನ್‌ಸ್ಟಾಲ್ ಸರಿಯಾಗಿಲ್ಲ ಎಂದುಕೊಂಡು ಕೆಲವರು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಇನ್ನು ಕೆಲವರು ಗ್ರೂಪಿನಲ್ಲಿ ಬಂದ ‘ಈ ಒಂದು ಸಾಲು ಪೇಸ್ಟ್ ಮಾಡಿ ಸಾಕು’ ಎಂಬ ಸಲಹೆ ನಂಬಿ, ಮೊದಲು ಕೆಲಸ ಮಾಡುತ್ತಿದ್ದ ಕಮಾಂಡ್‌ಗಳನ್ನೂ ಕಳೆದುಕೊಳ್ಳುತ್ತಾರೆ. ಈ ಉತ್ತರದ ಅರ್ಥವೇನು, ಇದನ್ನು ಸುರಕ್ಷಿತವಾಗಿ ಸರಿಪಡಿಸುವುದು ಹೇಗೆ ಎಂದು ನೋಡೋಣ.

ಒಂದು ಸೂಚನೆ: ಓದಲು ಸುಲಭವಾಗಲೆಂದು ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ‘ಪಾತ್’, ‘ಹೋಮ್’, ‘ಪ್ರಿಫಿಕ್ಸ್’ ಪೂರ್ತಿ ದೊಡ್ಡಕ್ಷರದಲ್ಲಿರಲಿ, ಉಳಿದವು ಸಣ್ಣಕ್ಷರದಲ್ಲಿರಲಿ.

ಶೆಲ್ ಎಲ್ಲೆಲ್ಲಿ ಹುಡುಕುತ್ತದೆ?

ನಾವು ಟೈಪ್ ಮಾಡಿದ್ದನ್ನು ಓದಿ ಪ್ರೋಗ್ರಾಂ ಶುರು ಮಾಡುವ ತಂತ್ರಾಂಶವೇ ಶೆಲ್. ಅದು ಇಡೀ ಡಿಸ್ಕ್ ಜಾಲಾಡುವುದಿಲ್ಲ. ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಮಾತ್ರ ಎಡದಿಂದ ಬಲಕ್ಕೆ ಒಂದೊಂದಾಗಿ ನೋಡುತ್ತದೆ. ‘ಎಕೋ $ಪಾತ್’ ಎಂದು ಟೈಪ್ ಮಾಡಿದರೆ ಪಟ್ಟಿ ಕಾಣುತ್ತದೆ. ಉದಾಹರಣೆಗೆ:

/ಯುಎಸ್‌ಆರ್/ಲೋಕಲ್/ಬಿನ್:/ಯುಎಸ್‌ಆರ್/ಬಿನ್:/ಬಿನ್

ಎರಡು ಫೋಲ್ಡರ್‌ಗಳ ನಡುವೆ ಕೋಲನ್ ಇರುತ್ತದೆ. ‘ಮಂಜುನಾಥನನ್ನು ಕರೆದುಕೊಂಡು ಬಾ’ ಎಂದು ಮೂರು ಬೀದಿಗಳ ಹೆಸರು ಕೊಟ್ಟು ಹುಡುಗನೊಬ್ಬನನ್ನು ಕಳಿಸಿದಂತೆ ಇದು. ನಾಲ್ಕನೇ ಬೀದಿಯಲ್ಲಿ ಮಂಜುನಾಥ ಮನೆಯಲ್ಲೇ ಇದ್ದರೂ ಹುಡುಗ ಬರಿಗೈಯಲ್ಲಿ ವಾಪಸ್ ಬರುತ್ತಾನೆ. ಎರಡು ಬೀದಿಗಳಲ್ಲಿ ಇಬ್ಬರು ಮಂಜುನಾಥರಿದ್ದರೆ ಮೊದಲು ಸಿಕ್ಕವನನ್ನೇ ಕರೆತರುತ್ತಾನೆ. ಈ ವ್ಯವಸ್ಥೆ ಹೊಸದೇನಲ್ಲ, 1979ರ ಯುನಿಕ್ಸ್ ಏಳನೇ ಆವೃತ್ತಿಯ ಬೋರ್ನ್ ಶೆಲ್‌ನಲ್ಲೇ ಇತ್ತು.

ಹಾಗಾದರೆ ತಪ್ಪು ಎಲ್ಲಿ?

ಹೆಸರು ತಪ್ಪಾಗಿ ಬರೆದರೂ, ಪ್ರೋಗ್ರಾಂ ನಿಜಕ್ಕೂ ಇಲ್ಲದಿದ್ದರೂ ಇದೇ ಉತ್ತರ ಬರುತ್ತದೆ. ಆದರೆ ಪ್ರೋಗ್ರಾಂ ಪಟ್ಟಿಯಾಚೆಯ ಫೋಲ್ಡರಿನಲ್ಲಿದ್ದಾಗಲೂ ಉತ್ತರ ಇದೇ. ಪೈಥಾನ್‌ನ ‘ಪಿಪ್’ ಬಳಸಿ ನಿಮ್ಮ ಖಾತೆಗಷ್ಟೇ ಹಾಕಿಕೊಂಡ ಪ್ರೋಗ್ರಾಂಗಳು ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರಿನೊಳಗಿನ ‘.ಲೋಕಲ್/ಬಿನ್’ಗೆ ಹೋಗುತ್ತವೆ. ಅದು ಪಟ್ಟಿಯಲ್ಲಿ ಇಲ್ಲದಿದ್ದರೆ ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಪ್ರಯೋಜನವಿಲ್ಲ.

ಪರೀಕ್ಷಿಸುವುದು ಸುಲಭ. ಪ್ರೋಗ್ರಾಂನ ಪೂರ್ತಿ ವಿಳಾಸ ಟೈಪ್ ಮಾಡಿ. ಹೆಸರಿನಲ್ಲಿ ಓರೆಗೆರೆ ಇದ್ದರೆ ಶೆಲ್ ಪಟ್ಟಿಯನ್ನು ನೋಡುವುದೇ ಇಲ್ಲ, ನೇರವಾಗಿ ಆ ಜಾಗಕ್ಕೆ ಹೋಗುತ್ತದೆ. ಹಾಗೆ ಓಡಿದರೆ, ತೊಂದರೆ ಇರುವುದು ಪಟ್ಟಿಯಲ್ಲಿ.

ಸರಿಪಡಿಸುವ ಸಾಲು

ಎಕ್ಸ್‌ಪೋರ್ಟ್ ಪಾತ್="$ಪಾತ್:$ಹೋಮ್/.ಲೋಕಲ್/ಬಿನ್"

ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬಿಡಬೇಡಿ. ಈ ಬದಲಾವಣೆ ಆ ಟರ್ಮಿನಲ್ ಕಿಟಕಿಗೆ ಮಾತ್ರ. ಶಾಶ್ವತವಾಗಿ ಬೇಕಿದ್ದರೆ, ಬ್ಯಾಶ್ ಶೆಲ್ ಬಳಸುವವರು ಹೋಮ್ ಫೋಲ್ಡರಿನ ‘.ಬ್ಯಾಶ್‌ಆರ್‌ಸಿ’ ಕಡತದ ಕೊನೆಗೆ ಇದನ್ನು ಸೇರಿಸಿ ಹೊಸ ಟರ್ಮಿನಲ್ ತೆರೆಯಬೇಕು.

ಇಲ್ಲಿ ಜೀವಾಳವೆಂದರೆ ‘$ಪಾತ್’. ಹಳೆಯ ಪಟ್ಟಿಯನ್ನು ಉಳಿಸಿಕೊಳ್ಳುವುದು ಅದೇ. ಅದನ್ನು ಬಿಟ್ಟು ಬರೀ ಹೊಸ ಫೋಲ್ಡರ್ ಬರೆದರೆ ಹಳೆಯ ಪಟ್ಟಿ ಅಳಿಸಿಹೋಗುತ್ತದೆ, ‘ಎಲ್‌ಎಸ್’ ಕೂಡ ಸಿಗುವುದಿಲ್ಲ. ಶೆಲ್‌ನ ಒಳಗೇ ಇರುವ ‘ಸಿಡಿ’ಯಂಥವು ಮಾತ್ರ ಓಡುತ್ತವೆ. ಗಾಬರಿ ಬೇಡ, ಯಾವ ಫೈಲೂ ಅಳಿದಿರುವುದಿಲ್ಲ. ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ. ತಪ್ಪು ಸಾಲು ಕಡತದಲ್ಲೇ ಸೇರಿದ್ದರೆ, ‘ಎಕ್ಸ್‌ಪೋರ್ಟ್ ಪಾತ್=/ಯುಎಸ್‌ಆರ್/ಬಿನ್:/ಬಿನ್’ ಎಂದು ತಾತ್ಕಾಲಿಕವಾಗಿ ಕೊಟ್ಟು ಕಡತ ತಿದ್ದಿ. ಟರ್ಮಕ್ಸ್‌ನಲ್ಲಾದರೆ ಸಮ ಚಿಹ್ನೆಯ ನಂತರ ‘$ಪ್ರಿಫಿಕ್ಸ್/ಬಿನ್’ ಬರೆಯಿರಿ.

ಚುಕ್ಕಿಯ ಅಪಾಯ

ಪಟ್ಟಿಗೆ ಒಂದು ಚುಕ್ಕಿ ಸೇರಿಸಿ ಎನ್ನುವ ಸಲಹೆಯೂ ಸಿಗುತ್ತದೆ. ಚುಕ್ಕಿ ಎಂದರೆ ‘ನಾವು ಈಗಿರುವ ಫೋಲ್ಡರ್’. ಅದು ಪಟ್ಟಿಯ ಮೊದಲಲ್ಲಿದ್ದು, ಬೇರೆಯವರು ಹಂಚಿದ ಫೋಲ್ಡರಿನಲ್ಲಿ ‘ಎಲ್‌ಎಸ್’ ಹೆಸರಿನ ಕಿಡಿಗೇಡಿ ಪ್ರೋಗ್ರಾಂ ಇದ್ದರೆ, ನೀವು ‘ಎಲ್‌ಎಸ್’ ಎಂದಾಗ ಓಡುವುದು ಅದೇ, ಅದೂ ನಿಮ್ಮ ಅಧಿಕಾರದಲ್ಲಿ. ಎರಡು ಕೋಲನ್ ಒಟ್ಟಿಗೆ ಬಂದರೂ, ಪಟ್ಟಿಯ ತುದಿಯಲ್ಲಿ ಕೋಲನ್ ಉಳಿದರೂ ಅರ್ಥ ಚುಕ್ಕಿಯದ್ದೇ. ಈಗಿರುವ ಫೋಲ್ಡರಿನ ಪ್ರೋಗ್ರಾಂ ಓಡಿಸಲು ಹೆಸರಿನ ಹಿಂದೆ ‘./’ ಸೇರಿಸಿದರೆ ಸಾಕು.

ಫಾರ್ವರ್ಡ್ ಮಾಡುವ ಮುನ್ನ

ಪಾತ್ ಬದಲಿಸುವ ಸಾಲು ನಿಮಗೆ ಬಂದರೆ ಮೂರು ಸಂಗತಿ ನೋಡಿ. ಅದರಲ್ಲಿ ‘$ಪಾತ್’ ಇದೆಯೇ? ಒಂಟಿ ಚುಕ್ಕಿ ಅಥವಾ ಖಾಲಿ ಕೋಲನ್ ಇದೆಯೇ? ಸೇರಿಸುತ್ತಿರುವ ಫೋಲ್ಡರ್ ನಿಮ್ಮದೇ? ಇವು ಸರಿಯಿದ್ದರೆ ಮಾತ್ರ ಆ ಸಾಲನ್ನು ಬಳಸಿ, ಹಂಚಿಕೊಳ್ಳಿ.