ಚುಚ್ಚುನಗೆ ಮತ್ತು ಅಚ್ಚು: ಊರಿಗಾಂ ನೆಲೆಯಿಂದ ನಗೆಹನಿ ಸಂಕಲನಗಳ ಅವಲೋಕನ

ನಗೆಹನಿಗಳ ಸಂಕಲನಗಳನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಶ್ಲೀಲ–ಅಶ್ಲೀಲದ ಪ್ರಶ್ನೆಯಲ್ಲಿಯೇ ನಿಂತುಬಿಡುತ್ತವೆ. ಒಂದು ಸಮುದಾಯವನ್ನು ಹೀಯಾಳಿಸುವ ನಗೆ ಬಾಯಿಂದ ಅಚ್ಚಿಗೆ ದಾಟಿದಾಗ ಅದರ ಸ್ವರೂಪದಲ್ಲಿ ಏನು ಬದಲಾಗುತ್ತದೆ ಎಂಬುದು ಜಾನಪದ ಸಂಗ್ರಾಹಕನಿಗೆ ಹೆಚ್ಚು ಮುಖ್ಯವಾದ ಪ್ರಶ್ನೆ. ಇದನ್ನು ಕೇಳಿಕೊಳ್ಳಲು ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂ ಒಂದು ಉಚಿತ ನೆಲೆ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಬೆಳೆದ ಈ ಗಣಿಗಳಿಗೆ ತಮಿಳು ಸೀಮೆಯ ದಲಿತರು ಬಹುಸಂಖ್ಯೆಯಲ್ಲಿ ಬಂದರು. ತೆಲುಗರೂ ಸುತ್ತಲಿನ ಕನ್ನಡಿಗರೂ ಸೇರಿಕೊಂಡರು. ಮೇಲ್ವಿಚಾರಣೆಗೆ ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು, ಕಾವಲಿಗೆ ಪಂಜಾಬಿಗಳು. ಇಷ್ಟು ಜನ ಒಂದೇ ಕೂಗಳತೆಯಲ್ಲಿ ಬದುಕಿದಾಗ ಪರಸ್ಪರ ಗೇಲಿ ಹುಟ್ಟದೆ ಇರದು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದ ಕೆಲವು ವರ್ಷಗಳ ಬಳಿಕ ಇಲ್ಲಿನ ಲೈನ್ ಮನೆಗಳಲ್ಲಿ ನಾನು ಕ್ಷೇತ್ರಕಾರ್ಯ ಮಾಡಿದೆ. ತೆಲುಗರ ಮೇಲೆ ತಮಿಳರು, ತಮಿಳರ ಮೇಲೆ ಕನ್ನಡಿಗರು, ಎಲ್ಲರೂ ಸೇರಿ ದೊರೆಗಳ ಮೇಲೆ ಕಟ್ಟಿದ ನಗೆಮಾತುಗಳು ದೊರೆತವು. ಒಬ್ಬ ನಿವೃತ್ತ ಕಾರ್ಮಿಕರು ಮಾತ್ರ ನನ್ನ ಕೈ ತಡೆದು, ‘ಇದನ್ನ ಬರ್ಕೋಬೇಡಿ ಸಾರ್, ಕೇಳಿ ನಕ್ಕುಬಿಡಿ, ಅಷ್ಟೇ’ ಎಂದರು. ಪರಿಹಾಸ ಸಂಬಂಧವನ್ನು ಕುರಿತು ರ್‍ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಬರೆದ ಪ್ರಬಂಧದ ತಿರುಳು ಆ ಮಾತಿನಲ್ಲಿತ್ತು: ಹಾಗೆ ನಗಲು ಯಾರಿಗೆ ಯಾರ ಮುಂದೆ ಸಲಿಗೆಯಿದೆಯೆಂಬುದು ಮೊದಲೇ ಗೊತ್ತಿರುತ್ತದೆ. ಎದುರಿಗಿದ್ದವನು ತಿರುಗಿ ಒಂದು ಹೇಳಬಲ್ಲ. ಪುಸ್ತಕಕ್ಕೆ ಹಾಗೆ ತಿರುಗಿ ಹೇಳುವವರಿಲ್ಲ.

ಗಣಿಯ ತಮಿಳು ಮತ್ತು ತೆಲುಗು ಮನೆಗಳೆರಡರಲ್ಲಿಯೂ ನನಗೆ ಸಿಕ್ಕ ಕಥೆಯೊಂದಿದೆ. ಹೊಳೆ ದಾಟಿದ ಶಿಷ್ಯರು ತಲೆ ಎಣಿಸುವಾಗ ಪ್ರತಿಯೊಬ್ಬನೂ ತನ್ನನ್ನೇ ಬಿಟ್ಟು ಎಣಿಸಿ, ಒಬ್ಬ ಮುಳುಗಿಹೋದನೆಂದು ಅಳುವ ಕಥೆ. ಕನ್ನಡಿಗರಿಗೂ ಇದು ಚಿರಪರಿಚಿತ. ಇದನ್ನೊಳಗೊಂಡ ‘ಪರಮಾರ್ಥ ಗುರುವಿನ ಕಥೆ’ಯನ್ನು 18ನೇ ಶತಮಾನದಲ್ಲಿ ತಮಿಳಿನಲ್ಲಿ ಬರೆದವನು ಇಟಲಿಯ ಜೆಸ್ಯುಯಿಟ್ ಪಾದ್ರಿ ಬೆಸ್ಕಿ, 1822ರಲ್ಲಿ ಬ್ಯಾಬಿಂಗ್ಟನ್ ಇದನ್ನು ಇಂಗ್ಲಿಷ್ ಅನುವಾದದೊಡನೆ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಗುರುವನ್ನು ಗುರುವಿನ ಜನರೇ ನಗುವುದು ನಮ್ಮ ಪರಂಪರೆಗೆ ಹೊಸದಲ್ಲ. ಆದರೆ ಪಾದ್ರಿಯ ಹೆಸರಿನಲ್ಲಿ ಅಚ್ಚಾದಾಗ ಅದೇ ನಗೆ ಮತನಿಂದೆಯೇ ಎಂಬ ಗುಮಾನಿಗೆ ಒಳಗಾಯಿತು. ಕಥೆ ಬದಲಾಗಲಿಲ್ಲ, ಹೇಳುವವನು ಬದಲಾದ.

ಹೀಗೆ ನಗೆಗೆ ಗುರಿಯಾದವರು ಅಚ್ಚಿನ ಮೂಲಕವೇ ಉತ್ತರ ಕೊಟ್ಟ ನಿದರ್ಶನ ಇದೇ ಗಣಿಯ ಪರಿಸರದಲ್ಲಿದೆ. ಅಯೋತಿದಾಸ ಪಂಡಿತರು (1845–1914) 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಗೆ ಇಲ್ಲಿ ಓದುಗರಿದ್ದರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ನಾಯಿ, ಹದ್ದುಗಳ ಹೆಸರಿಗೆ ಜಾತಿಯ ಹೆಸರನ್ನು ಅಂಟಿಸುವ ರೂಢಿಯು ತಾನಾಗಿ ಬಂದದ್ದಲ್ಲ, ಹೀನಾಯಗೊಳಿಸಲೆಂದೇ ಹಬ್ಬಿಸಿದ್ದು ಎಂದು ಪಂಡಿತರು ವಾದಿಸಿದರು. ತಮಾಷೆಯೆಂದು ಸಾಗುವ ಮಾತಿಗೂ ಒಂದು ಚರಿತ್ರೆಯಿದೆಯೆಂದು ತೋರಿಸಿದ ಈ ಬರಹಗಾರನ ಕೃತಿಗಳನ್ನು ಅವರ ನಂತರ ಪ್ರಕಟಿಸಿದ್ದು ಊರಿಗಾಂಗೆ ಹೊಂದಿಕೊಂಡ ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕ ಶಾಲೆ. ಕನ್ನಡದ ಹಾಸ್ಯ ಸಾಹಿತ್ಯ ಚರಿತ್ರೆಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅಚ್ಚರಿಯೇ ಸರಿ.

ಅವಮಾನದ ನಗೆ ಮಾರುಕಟ್ಟೆಯ ಸರಕಾದುದು ಬೇರೆಡೆಯೂ ಉಂಟು. ಅಮೆರಿಕದಲ್ಲಿ 1982ರಿಂದ ‘ಬ್ಲಾಂಚ್ ನಾಟ್’ ಎಂಬ ಗುಪ್ತನಾಮದಲ್ಲಿ ಬಂದ, ‘ರುಚಿಗೆಟ್ಟ’ವೆಂದು ತಾವೇ ಹೇಳಿಕೊಂಡ ನಗೆಹನಿ ಸಂಪುಟಗಳು ಭಾರೀ ಮಾರಾಟ ಕಂಡವು. ಮರುವರ್ಷ ಅಲನ್ ಡಂಡಿಸ್ ಸಹಲೇಖಕರೊಡನೆ ಜರ್ಮನಿಯ ಆಷ್ವಿಟ್ಸ್ ನಗೆಹನಿಗಳನ್ನು ಪ್ರಕಟಿಸಿ ವಿದ್ವತ್ ವಲಯದಲ್ಲಿ ವಿವಾದ ಎಬ್ಬಿಸಿದರು. ದಾಖಲಿಸುವುದು ಬೆಂಬಲಿಸಿದಂತಲ್ಲ ಎಂಬ ಅವರ ನಿಲುವನ್ನು ನಾನು ಪೂರ್ತಿ ಒಪ್ಪಲಾರೆ. ಮುದ್ರಣಕ್ಕೆ ಇಳಿದ ದಾಖಲೆ ಸಂಗ್ರಾಹಕನ ಉದ್ದೇಶವನ್ನು ಓದುಗನಿಗೆ ಹೇಳುತ್ತ ಕೂರುವುದಿಲ್ಲ.

ನಮ್ಮಲ್ಲಿ ಸರ್ದಾರ್ಜಿ ನಗೆಹನಿಗಳನ್ನು ಸ್ವತಃ ಸಿಖ್ಖರಾದ ಖುಷ್ವಂತ್ ಸಿಂಗ್ ಸಂಪುಟಗಟ್ಟಲೆ ಪ್ರಕಟಿಸಿದರು. ಅವರು ಹೇಳಿದ್ದು ಆತ್ಮಪರಿಹಾಸ. ಅದನ್ನೇ ಅಗ್ಗದ ಪುಸ್ತಿಕೆಗಳು ಎತ್ತಿ ಮಾರಿದಾಗ ಹಾಗಾಗಲಿಲ್ಲ. ಇಂಥ ನಗೆಹನಿಗಳ ಪ್ರಸಾರವನ್ನು ತಡೆಯಬೇಕೆಂಬ 2015ರ ಅರ್ಜಿಯ ವಿಚಾರಣೆಯಲ್ಲಿ, ಜನರಿಗೆ ನೈತಿಕ ಮಾರ್ಗಸೂಚಿ ವಿಧಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ಕನ್ನಡದಲ್ಲಿ ಬೀchi ಅವರ ತಿಂಮ ಜಾತಿಯ ಹಣೆಪಟ್ಟಿಯಿಲ್ಲದೆ ಎಲ್ಲರನ್ನೂ ನಗಿಸಿದ. ಆದರೆ ನಮ್ಮ ಬಸ್‌ ನಿಲ್ದಾಣದ ಪುಸ್ತಿಕೆಗಳಲ್ಲಿ ಹೆಂಡತಿ ಇಂದಿಗೂ ಸುಲಭದ ಗುರಿ. ಅದಕ್ಕೆ ವಿವಾದವೆದ್ದುದನ್ನು ನಾನು ಕಂಡಿಲ್ಲ.

ಊರಿಗಾಂನ ಸಂಗ್ರಹವನ್ನು ಸಿದ್ಧಪಡಿಸಿದಾಗ, ಯಾವ ಗೇಲಿಗೆ ಮರುಗೇಲಿಯೂ ದೊರೆತಿತ್ತೋ ಅವೆರಡನ್ನೂ ಜೊತೆಯಾಗಿ ಕೊಟ್ಟೆ. ದೊರೆಗಳ ಮೇಲಿನವನ್ನು ಒಂದೂ ಬಿಡಲಿಲ್ಲ. ಜಾತಿಯನ್ನು ಹಿಡಿದು ಆಡಿದ, ಎದುರುತ್ತರವಿಲ್ಲದ ಕೆಲವು ಧ್ವನಿಸುರುಳಿಯಲ್ಲಿಯೇ ಉಳಿದಿವೆ. ಆ ಹಿರಿಯರು ಬೇಡವೆಂದದ್ದೂ ಅವುಗಳಲ್ಲೊಂದು.