ವಾದ್ಯಗಳ ಜಾತಕ

ಕಳೆದ ನವರಾತ್ರಿಯಲ್ಲಿ ಪರ್ತಿನ ನಮ್ಮ ಮನೆಯಲ್ಲಿ ಸರಸ್ವತಿ ಪೂಜೆಗೆಂದು ವಾದ್ಯಗಳನ್ನು ಸಾಲಾಗಿ ಇಟ್ಟಿದ್ದೆವು. ನನ್ನ ತಾತನ ಪಿಟೀಲು, ಶ್ರೀಮತಿಯವರ ವೀಣೆ, ಗೋಡೆಗೆ ಒರಗಿದ ಮಕ್ಕಳ ಪಿಯಾನೋ. ಸ್ನೇಹಿತರ ಮಗನೊಬ್ಬ "ಅಂಕಲ್, ಇವುಗಳಲ್ಲಿ ಯಾವುದು ದೊಡ್ಡದು, ವಯಸ್ಸಿನಲ್ಲಿ?" ಎಂದು ಕೇಳಿದ. ವಯಸ್ಸು ಕೇಳದೆ ಔಷಧಿ ಬರೆಯದ ವೃತ್ತಿ ನನ್ನದು. ಆದರೂ ಉತ್ತರ ಗೊತ್ತಿರಲಿಲ್ಲ. ಹುಡುಕಿದಾಗ ತಿಳಿದದ್ದನ್ನು ಈ ವಾರ್ಷಿಕೋತ್ಸವ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಪಿಯಾನೋದ ಮೇಲಿನ ಮುಚ್ಚಳ ತೆರೆದರೆ ಕಬ್ಬಿಣದ ಚೌಕಟ್ಟಿನ ಮೇಲೋ ಮರದ ಮೇಲೋ ಒಂದು ಕ್ರಮಸಂಖ್ಯೆ ಕಾಣುತ್ತದೆ. ಯಾವ ವರ್ಷ ಎಷ್ಟನೆಯ ಸಂಖ್ಯೆಯವರೆಗೆ ತಯಾರಾಗಿತ್ತು ಎಂಬ ಪಟ್ಟಿ ಸಿಕ್ಕರೆ ಹುಟ್ಟಿದ ವರ್ಷ ಸಿಕ್ಕಂತೆಯೇ. ನ್ಯೂಯಾರ್ಕಿನ ಸ್ಟೈನ್‌ವೇ ಕಂಪನಿ 1853ರಲ್ಲಿ ಮಾರಿದ ಮೊದಲ ಪಿಯಾನೋದ ಸಂಖ್ಯೆ 1 ಅಲ್ಲ, 483! ಸ್ಥಾಪಕರು ಜರ್ಮನಿಯಲ್ಲಿದ್ದಾಗ ಮಾಡಿದ್ದ 482 ವಾದ್ಯಗಳನ್ನೂ ಲೆಕ್ಕಕ್ಕೆ ಹಿಡಿದಿದ್ದರು. ವಲಸೆ ಬಂದವರು ಹಿಂದಿನ ಲೆಕ್ಕವನ್ನು ಬಿಟ್ಟು ಬರುವುದಿಲ್ಲ, ನಮ್ಮ ಹಾಗೆಯೇ. ಅವರ 1,00,000ನೆಯ ಪಿಯಾನೋ 1903ರಲ್ಲಿ, 3,00,000ನೆಯದು 1938ರಲ್ಲಿ ಶ್ವೇತಭವನ ಸೇರಿದವು.

ಆಸ್ಟ್ರೇಲಿಯಾಕ್ಕೂ ತನ್ನದೇ ಪಿಯಾನೋ ಇತಿಹಾಸವಿದೆ. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆಂದು ಅಡಿಲೇಡಿಗೆ ಬಂದಾಗ ನನ್ನ ಬಾಡಿಗೆ ಮನೆಯಲ್ಲಿದ್ದದ್ದು ವರ್ಥೈಮ್ ಪಿಯಾನೋ. ಮೆಲ್ಬರ್ನಿನ ರಿಚ್ಮಂಡಿನಲ್ಲಿ 1908ರಲ್ಲಿ ಆ ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದವರು ಪ್ರಧಾನಿ ಆಲ್ಫ್ರೆಡ್ ಡೀಕಿನ್. 1935ರಲ್ಲಿ ಅದು ಮುಚ್ಚಿತು. ಮುಂದೆ ಆ ಕಟ್ಟಡವೇ ಚಾನೆಲ್ ನೈನ್ ದೂರದರ್ಶನದ ಸ್ಟುಡಿಯೋ ಆಯಿತು. ಕೆಲಸ ಸಿಕ್ಕಿ ಬ್ರಿಸ್ಬೇನಿಗೆ ಹೋದಾಗ ಅಲ್ಲಿ ಕೊಂಡ ಹಳೆಯ ಬೀಲ್ ಪಿಯಾನೋ ಈಗ ಪರ್ತಿನವರೆಗೂ ನಮ್ಮೊಂದಿಗೆ ಬಂದಿದೆ. ಸಿಡ್ನಿಯಲ್ಲಿ 1893ರಲ್ಲಿ ಆರಂಭವಾದ ಕಂಪನಿ ಅದು. ಈ ದೇಶದ ಹವೆಗೆ ಮರ ಹಿಗ್ಗಿ ಕುಗ್ಗಿ ಶ್ರುತಿ ಕೆಡುತ್ತದೆಂದು, ತಂತಿ ಬಿಗಿಯುವ ಮೊಳೆಗಳನ್ನು ಕಬ್ಬಿಣದಲ್ಲೇ ಕೂರಿಸಿದರು.

ರೋಗನಿರ್ಣಯದಲ್ಲಿರುವಂತೆ ಇಲ್ಲಿಯೂ ಎಚ್ಚರ ಬೇಕು. ಚೌಕಟ್ಟಿನೊಂದಿಗೇ ಎರಕ ಹೊಯ್ದ ಅಂಕಿ ಅಚ್ಚಿನದಾಗಿರಬಹುದು, ವಾದ್ಯದ್ದಲ್ಲ. ಪೇಟೆಂಟಿನ ಇಸವಿ ತಯಾರಾದ ಇಸವಿಯಲ್ಲ. ಶ್ರುತಿ ಮಾಡುವವರು ಮನೆಗಳ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು, ಆ ಹೊತ್ತಿಗೆ ವಾದ್ಯ ಇತ್ತೆಂಬುದನ್ನಷ್ಟೇ ಹೇಳುತ್ತದೆ.

ಇನ್ನು ತಾತನ ಪಿಟೀಲು. ಒಳಗಿನ ಚೀಟಿಯಲ್ಲಿ "ಸ್ಟ್ರಾಡಿವೇರಿಯಸ್, 1721" ಎಂದಿದೆ. ಅರಮನೆಯ ಉಡುಗೊರೆ ಎಂದೇ ನಮ್ಮ ಮನೆಯಲ್ಲಿ ಪ್ರತೀತಿ. ಟಾರ್ಚು ಬಿಟ್ಟು ನೋಡಿದರೆ ಅದರ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ "ಮೇಡ್ ಇನ್ ಜರ್ಮನಿ"! ಸ್ಟ್ರಾಡಿವೇರಿ ಇಟಲಿಯವನು; ತೀರಿಕೊಂಡದ್ದು 1737ರಲ್ಲಿ. ಸರಕಿನ ಮೇಲೆ ತಯಾರಾದ ದೇಶದ ಹೆಸರು ಹಾಕಿಸುವ ಕಾನೂನುಗಳನ್ನು ಬ್ರಿಟನ್ 1887ರಲ್ಲಿ, ಅಮೆರಿಕ 1890ರಲ್ಲಿ ತಂದವು. ಅಂದರೆ ನಮ್ಮದು ಆಮೇಲೆ ಕಾರ್ಖಾನೆಯಲ್ಲಿ ತಯಾರಾದದ್ದು. ಅಂಥ ಚೀಟಿ ಹೊತ್ತ ಪಿಟೀಲುಗಳು ಲೋಕದ ತುಂಬ ಇವೆ.

ಅಳುಕುತ್ತಲೇ ಮೈಸೂರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅರಮನೆ ಎಲ್ಲಿ ಬಂತೋ? ಅಪ್ಪ ಚೌಡಯ್ಯನವರ ಕಚೇರಿ ಕೇಳಿ ಬಂದು, ಎರಡು ತಿಂಗಳ ಸಂಬಳ ಕೊಟ್ಟು ಯಾರದೋ ಹಳೆಯದನ್ನು ಕೊಂಡರಂತೆ. ನಾನು ಹುಟ್ಟಿದ ವರ್ಷ. ಅಮ್ಮ ವಾರಗಟ್ಟಲೆ ಮಾತು ಬಿಟ್ಟಿದ್ದರಂತೆ. ನೀನು ಯಾವತ್ತೂ ಕೇಳಲೇ ಇಲ್ಲವಲ್ಲ!"

ಅಮ್ಮ ಹುಟ್ಟಿದ್ದು 1952ರಲ್ಲಿ. ಆ ಇಸವಿ ಯಾವ ಚೀಟಿಯಲ್ಲೂ ಇರಲಿಲ್ಲ. ಹಲಸಿನ ಮರದ ನಮ್ಮ ವೀಣೆಗಂತೂ ಸಂಖ್ಯೆಯೇ ಇಲ್ಲ. ಅದರ ಜಾತಕ ಅತ್ತೆಯವರ ನೆನಪಿನಲ್ಲಷ್ಟೇ ಇದೆ. ಅವರನ್ನು ಕೇಳಿ ಬರೆದುಕೊಂಡೆವು. ಪಿಟೀಲಿನ ಪೆಟ್ಟಿಗೆಯೊಳಗೂ ಈಗ ಕನ್ನಡದ ಒಂದು ಚೀಟಿಯಿದೆ: ಕೊಂಡವರು, ಊರು, ವರ್ಷ, ಅಜ್ಜಿಯ ಕೋಪ ಎಲ್ಲವೂ.

ತಮ್ಮ ಮನೆಯಲ್ಲಿಯೂ ಊರಿನಿಂದ ಬಂದ ಹಾರ್ಮೋನಿಯಂ, ತಂಬೂರಿ, ಕೊಳಲು ಇರಬಹುದು. ಹಿರಿಯರು ಫೋನಿನಲ್ಲಿ ಸಿಗುವಾಗಲೇ ಕೇಳಿ ಬರೆದಿಡಿ. ಮುಂದೆ ನಮ್ಮ ಮಕ್ಕಳಿಗೆ ಉತ್ತರ ಹೇಳಬೇಕಾದವರು ನಾವೇ.